ತಾಯಣ್ಣನ ಹಚ್ಚದ ಒಲೆ

ನಾನು ರಾಯಚೂರಿನಲ್ಲಿ ಬಹಳ ಬಾಡಿಗೆ ಮನೆಗಳನ್ನು ಹೊಕ್ಕು ಹೊರಬಂದವನು. ನನ್ನ ಅನುಭವದಲ್ಲಿ ಬಾಡಿಗೆ ಮನೆ ಹೊಗುವುದೆಂದರೆ ಒಂದು ತಳ್ಳುಬಂಡಿ, ಅದರ ಮೇಲೆ ಟ್ರಂಕು ಮತ್ತು ಹಾಸಿಗೆ ಸುರುಳಿ, ಅದರ ಹಿಂದೆ ಹೆಂಡತಿಯ ಬೈಗುಳ. ಒಳಗೆ ಹೋಗಿ ಆಕೆ ಒಲೆ ಹಚ್ಚಿ ಒಂದಿಷ್ಟು ಹಾಲು ಉಕ್ಕಿಸಿದರೆ ಶಾಸ್ತ್ರ ಮುಗಿಯಿತು. ಕಾರ್ಡು ಹೊಡೆಸಿ, ತೋರಣ ಕಟ್ಟಿ, ಊರಿಗೆಲ್ಲ ಹುಗ್ಗಿ ಮಾಡಿಸಿ, ಬಾಡಿಗೆ ಮನೆಗೆ ಗೃಹಪ್ರವೇಶ ಮಾಡಿದವನನ್ನು ನಾನು ಕಂಡದ್ದು ಒಬ್ಬನನ್ನೇ. ಅವನು ತಾಯಣ್ಣ.

ಊರಿನ ಸಗಟು ಮಾರುಕಟ್ಟೆ ಗಂಜ್‌ನಲ್ಲಿ ನಾನು ಗುಮಾಸ್ತನಾಗಿದ್ದ ಹತ್ತಿ ಅಂಗಡಿಯಲ್ಲಿ ಅವನು ತೂಕ ಮಾಡುತ್ತಿದ್ದ. ದೇವದುರ್ಗದ ಕಡೆಯ ಅರಕೇರಾದವನು. ತೂಕದವರು ಮೊದಲ ಚೀಲಕ್ಕೆ ಒಂದು ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ದಿನವಿಡೀ ಕಂಡವರ ಚೀಲಗಳಿಗೆಲ್ಲ ಲಾಭ, ಲಾಭ ಎಂದು ಕೂಗುತ್ತಿದ್ದ ಆ ಮನುಷ್ಯ ಸಂಜೆ ಅಂಗಡಿಯ ಮೂಲೆಯಲ್ಲೇ ತಾಡಪತ್ರಿ ಹಾಸಿಕೊಂಡು ಮಲಗುತ್ತಿದ್ದ. ಅವನ ಹೆಂಡತಿ ಮಾನಮ್ಮ ಮಾನ್ವಿ ತಾಲೂಕಿನ ಮಲ್ಲಟದಲ್ಲಿ ತವರು ಸೇರಿದ್ದಳು.

ಹೊಡೆದಾಟವಿಲ್ಲ, ಬಡಿದಾಟವಿಲ್ಲ. ಕಾರಣ ಕೇಳಿದರೆ ನಗು ಬರುವಂಥದ್ದು. ನಾನೂ ಮೊದಲು ನಕ್ಕವನೇ. ಅರಕೇರಾದ ಕೂಡು ಮನೆಯಲ್ಲಿ ತಾಯಣ್ಣನ ಅತ್ತಿಗೆ ಮಹಾಂತಮ್ಮನದೇ ಕಾರುಬಾರು. ಕೆಟ್ಟವಳಲ್ಲ. ಅತ್ತೆ ಇಲ್ಲದ ಮನೆಯನ್ನು ಎಳೆಯ ವಯಸ್ಸಿನಿಂದ ತಲೆಯ ಮೇಲೆ ಹೊತ್ತವಳು. ಆದರೆ ಯಾರ ಕೈಯಲ್ಲಿ ಏನು ಕಂಡರೂ ‘ತಾ ಇಲ್ಲಿ’ ಎಂದು ಕಸಿದುಕೊಳ್ಳುವುದು ಆಕೆಗೆ ಉಸಿರಾಟದಷ್ಟು ಸಹಜ. ಮಾನಮ್ಮ ರೊಟ್ಟಿ ಬಡಿಯಲು ಕೂತರೆ, “ತಾ ಇಲ್ಲಿ, ನೀ ದಪ್ಪ ಮಾಡ್ತಿ.” ಸಾರಿಗೆ ಉಪ್ಪು ಹಾಕಲು ಹೋದರೆ, “ತಾ ಇಲ್ಲಿ, ನಿನ್ನ ಕೈ ಭಾಳ.” ಕಡ್ಡಿ ಪೆಟ್ಟಿಗೆ ಹಿಡಿದರೂ, “ತಾ ಇಲ್ಲಿ.” ಮದುವೆಯಾಗಿ ವರ್ಷಗಳು ಕಳೆದರೂ ಮಾನಮ್ಮ ಆ ಮನೆಯಲ್ಲಿ ಒಲೆ ಹಚ್ಚಿದವಳಲ್ಲ. ಮಕ್ಕಳಾಗಲಿಲ್ಲ, ಆಗಿದ್ದರೆ ಅವನ್ನೂ ‘ತಾ ಇಲ್ಲಿ’ ಎಂದು ಮಹಾಂತಮ್ಮನೇ ಎತ್ತಿಕೊಳ್ಳುತ್ತಿದ್ದಳು. ಒಂದು ಪಂಚಮಿಗೆ ತವರಿಗೆ ಹೋದ ಮಾನಮ್ಮ ತಿರುಗಿ ಬರಲಿಲ್ಲ.

“ನಂದು ಅಂತ ಒಂದು ಒಲಿ ಮಾಡು. ಮಾಡಿ, ಬಂದು ಕರಿ. ಬರ್ತೀನಿ” ಎಂದು ಗಂಡನಿಗೆ ಹೇಳಿದ್ದಳಂತೆ.

ತಾಯಣ್ಣ ಈ ಮಾತನ್ನು ನನಗೆ ಎಷ್ಟು ಸಲ ಹೇಳಿದ್ದನೆಂದರೆ, ಅಂಗಡಿಯಲ್ಲಿ ಯಾರಾದರೂ ಒಲೆಯ ಹೆಸರೆತ್ತಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ತುರ್ತು ಪರಿಸ್ಥಿತಿ ಮುಗಿದ ಆ ಬೇಸಿಗೆಯಲ್ಲಿ ಅವನಿಗೆ ಮನೆ ಸಿಕ್ಕಿತು. ಗುಲಾಮ್ ದಸ್ತಗೀರ್ ಎಂಬ ಮಸಾಲೆ ವ್ಯಾಪಾರಿ ತನ್ನ ಮನೆಯ ಮೇಲೆ ಎರಡು ಕೋಣೆ ಹೊಸದಾಗಿ ಎಬ್ಬಿಸಿದ್ದರು. ಮನೆ ನೋಡಲು ನಾನೂ ಹೋಗಿದ್ದೆ. ನಾನು ಬಾಡಿಗೆ ಮನೆಯ ಪಂಡಿತನಂತೆ ನಳದಲ್ಲಿ ನೀರು ಬರುತ್ತದೆಯೇ, ಕಿಟಕಿಗೆ ಚಿಲಕ ಇದೆಯೇ ಎಂದು ನೋಡುತ್ತಿದ್ದರೆ, ತಾಯಣ್ಣ ಅಡುಗೆ ಕೋಣೆಯ ಗೋಡೆಯನ್ನೇ ಸವರುತ್ತ ನಿಂತ. ಸುಣ್ಣ ಇನ್ನೂ ಹಸಿ. ಹೊಗೆಯ ಒಂದು ಕಲೆ ಇಲ್ಲ.

“ಇಲ್ಲಿ ಯಾರೂ ಒಲಿ ಹಚ್ಚಿಲ್ರಿ ಗುಮಾಸ್ತರ” ಎಂದ, ಗುಡಿಯೊಳಗೆ ಮಾತಾಡುವವನ ಹಾಗೆ.

ಕಾರ್ಡು ಹೊಡೆಸುವುದು ಅವನದೇ ವಿಚಾರ. ಅಂಗಡಿ ಸಾಹುಕಾರರ ಬಂಗಲೆಯ ಗೃಹಪ್ರವೇಶದ ಕಾರ್ಡನ್ನು ಇಟ್ಟುಕೊಂಡಿದ್ದ. ಅದನ್ನೇ ಪ್ರೆಸ್ಸಿನವರಿಗೆ ತೋರಿಸಿ, ಹೆಸರುಗಳನ್ನು ಮಾತ್ರ ಬದಲಿಸಲು ಹೇಳಿದ. ಹಳದಿ ಕಾಗದದ ಮೇಲೆ ಕೆಂಪು ಅಕ್ಷರ. ಕೆಳಗೆ, ‘ನಿಮ್ಮ ಆಗಮನವನ್ನು ಬಯಸುವ’ ಎಂಬುದರ ಮುಂದೆ, ಮೊದಲು ಶ್ರೀಮತಿ ಮಾನಮ್ಮ, ಆಮೇಲೆ ತಾಯಣ್ಣ. ಹೆಂಡತಿಯ ಹೆಸರು ಮೊದಲು ಹಾಕಿದ ಕಾರ್ಡನ್ನು ಗಂಜ್‌ನಲ್ಲಿ ಯಾರೂ ನೋಡಿರಲಿಲ್ಲ. ಹಮಾಲರು ಅವನನ್ನು ಕಾಡಿದ್ದೇ ಕಾಡಿದ್ದು.

“ಏನಲೇ ತಾಯಣ್ಣ, ಮನಿ ಅಕೀದೋ ನಿಂದೋ?”

“ಅಕೀದ.”

“ಮತ್ತ ನೀ ಯಾರು?”

“ನಾ ಬಾಡಿಗಿ ಇರಾಂವ.”

ಅಂದು ಅವನೂ ನಕ್ಕ. ಅವನು ಹಾಗೆ ಬಾಯಿ ತುಂಬ ನಕ್ಕಿದ್ದು ಆಮೇಲೆ ನನಗೆ ನೆನಪಿಲ್ಲ. ಹತ್ತಿ ತಂದಿದ್ದ ಮಲ್ಲಟದ ಗಾಡಿಯವನ ಕೈಯಲ್ಲಿ ಒಂದು ಕಾರ್ಡು ಕೊಟ್ಟು, “ಮಾನಮ್ಮಗ ಮುಟ್ಟಸ್ರಿ. ಅಕಿ ಹೆಸರ ಮೊದಲ ಅದ ಅಂತ ಹೇಳ್ರಿ” ಎಂದು ಎರಡೆರಡು ಸಲ ಹೇಳಿ ಕಳಿಸಿದ.

ಮನೆ ತುಂಬುವ ದಿನ ಬೆಳಗ್ಗೆಯೇ ಜನ ನೆರೆಯಿತು. ಅರಕೇರಾದಿಂದ ಅಣ್ಣ ಮೂಕಪ್ಪ, ಅತ್ತಿಗೆ ಮಹಾಂತಮ್ಮ, ಬಳಗ, ಗಂಜ್‌ನಿಂದ ಹಮಾಲರು. ಕಾರ್ಡಿನ ಬಣ್ಣ ನೋಡಿ ಬಹಳ ಜನ ತಾಯಣ್ಣ ಮನೆಯನ್ನೇ ಕೊಂಡುಕೊಂಡ ಎಂದು ತಿಳಿದಿದ್ದರು. “ಚಲೋ ಮಾಡಿದಿ, ಗಟ್ಟಿ ಕಟ್ಟಿಸಿದಿ” ಎಂದು ಗೋಡೆ ಬಡಿದು ನೋಡುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ ದಸ್ತಗೀರ್ ಸಾಹೇಬರು ಸುಮ್ಮನೆ ಗಡ್ಡ ನೀವಿಕೊಳ್ಳುತ್ತಿದ್ದರು. ಕಡೆಗೆ ತಡೆಯಲಾರದೆ ನನ್ನ ಕಿವಿಯಲ್ಲಿ, “ಗುಮಾಸ್ತರೇ, ನಾ ಈ ಮನಿ ಕಟ್ಟಿಸಿದಾಗ ನನಗ ಯಾರೂ ಹಿಂಗ ಅಂದಿಲ್ರಿ” ಎಂದರು.

ಮೇಲಿನ ಮನೆಯಲ್ಲಿ ಮಾನಮ್ಮ ಬಂದು ಒಲೆ ಹಚ್ಚಬೇಕಾದ್ದರಿಂದ, ಅಡುಗೆಯೆಲ್ಲ ಕೆಳಗೆ ದಸ್ತಗೀರರ ಅಂಗಳದಲ್ಲಿ. ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು, ಎಲ್ಲ ಆಗಿತ್ತು. ಮೇಲೆ ಅಡುಗೆ ಕೋಣೆಯಲ್ಲಿ ಹೊಸ ಬತ್ತಿ ಸ್ಟೋವು, ಅದಕ್ಕೆ ಅರಿಶಿನ ಕುಂಕುಮ, ಪಕ್ಕದಲ್ಲಿ ಕಡ್ಡಿ ಪೆಟ್ಟಿಗೆ, ಹೊಸ ಪಾತ್ರೆಯಲ್ಲಿ ಹಾಲು. ಹಾಲು ಉಕ್ಕದೆ ಯಾರೂ ಊಟಕ್ಕೆ ಕೂಡುವಂತಿಲ್ಲ.

ಮಾನ್ವಿ ಕಡೆಯ ಮೊದಲ ಬಸ್ಸು ಬಂದು ಹೋಯಿತು. ಮಾನಮ್ಮ ಬರಲಿಲ್ಲ. ಎರಡನೆಯದಕ್ಕೆ ನನ್ನನ್ನೇ ಬಸ್‌ಸ್ಟ್ಯಾಂಡಿಗೆ ಅಟ್ಟಿದರು. ಬಸ್ಸಿನಿಂದ ಇಳಿದ ಒಬ್ಬೊಬ್ಬ ಹೆಂಗಸಿನ ಮುಖವನ್ನೂ ನೋಡುತ್ತ ನಿಂತು, ಒಬ್ಬಾಕೆಯಿಂದ “ಏನ್ ನೋಡ್ತೀಯೋ ಮುದ್ಯಾ?” ಎಂದು ಬೈಸಿಕೊಂಡು ಬರಿಗೈಯಲ್ಲಿ ಬಂದೆ. ಆಗ ನನಗೆ ನಲವತ್ತೂ ಆಗಿರಲಿಲ್ಲ.

ತಾಯಣ್ಣ ಮಾಳಿಗೆಯ ಅಂಚಿನಲ್ಲಿ ನಿಂತು ರಸ್ತೆ ನೋಡುತ್ತಿದ್ದ. ಹೊಸ ಧೋತರ ಬೆವರಿಗೆ ಕಾಲಿಗಂಟಿತ್ತು. ರಾಯಚೂರಿನ ಬಿಸಿಲು, ಕೇಳಬೇಕೆ. ಹಸಿ ಹಾಲು ಎಷ್ಟು ಹೊತ್ತು ತಡೆದೀತು? ದಸ್ತಗೀರರ ಹೆಂಡತಿ ಮುನವ್ವರ್ ಬೀ ಹಾಲಿನ ಪಾತ್ರೆಯನ್ನು ನೀರಿನ ಬೋಗುಣಿಯಲ್ಲಿ ಇಟ್ಟು, ಒದ್ದೆ ಬಟ್ಟೆ ಸುತ್ತಿ, ನನ್ನ ಕೈಗೆ ಬೀಸಣಿಗೆ ಕೊಟ್ಟರು. ಊರವರೆಲ್ಲ ಬೆವರು ಸುರಿಸುತ್ತ ಕೂತಿರುವಾಗ ನಾನು ಹಾಲಿಗೆ ಗಾಳಿ ಹಾಕುತ್ತ ಕೂತೆ. ಆಗಾಗ ಮೂಸಿ ನೋಡಿ, “ಇನ್ನೂ ಅದ” ಎಂದು ಹೇಳುವುದೂ ನನ್ನದೇ ಕೆಲಸ.

ಆಗ ಮುನವ್ವರ್ ಬೀ ತಾಯಣ್ಣನನ್ನು ಕೇಳಿದರು. “ಬೇಟಾ, ಸೊಸೀನ ಕರಿಯಾಕ ಯಾರು ಹೋಗ್ಯಾರ?”

“ಯಾರೂ ಹೋಗಿಲ್ರಿ ಅಮ್ಮಾ.”

“ಯಾರೂ ಹೋಗಿಲ್ಲ?”

“ಅಕಿನ ಕರಿಯೋದೇನ್ರಿ? ಮನಿ ಅಕೀದು. ಎಲ್ಲಾರ್ನೂ ಕರಿಯಾಕಿನ ಅಕಿ. ಕಾರ್ಡಿನ್ಯಾಗ ಅಕಿ ಹೆಸರ ಮೊದಲ ಅದ.”

ಮುನವ್ವರ್ ಬೀ ಹಣೆಗೆ ಕೈ ಹಚ್ಚಿದರು. “ಯಾ ಅಲ್ಲಾ! ಅಲ್ಲೋ ಹುಚ್ಚಪ್ಪಾ, ಸಿಟ್ಟಾಗಿ ತವರಿಗೆ ಹ್ವಾದ ಹೆಣ್ಣುಮಗಳು ಕಾರ್ಡು ನೋಡಿ ತಾನಾಗೇ ಬರ್ತಾಳೇನು? ನೀ ಹೋಗಬೇಕು, ಕುಬಸದ ಖಣ, ಟೆಂಗು ಹಿಡಕೊಂಡು ಹೋಗಬೇಕು. ಅವರ ಅವ್ವನ ಮುಂದ ನಿಂತು ಕಳಸ್ರಿ ಅನ್ನಬೇಕು. ನಮ್ಮೊಳಗೂ ಹಂಗ, ನಿಮ್ಮೊಳಗೂ ಹಂಗ.”

ನಾನು ಬೀಸಣಿಗೆ ನಿಲ್ಲಿಸಿದೆ. ‘ಮಾಡಿ, ಬಂದು ಕರಿ’ ಎಂದಿದ್ದಳು ಆಕೆ. ಅಷ್ಟು ಸಲ ಆ ಮಾತು ಹೇಳಿದ ಮನುಷ್ಯ, ಮಾಡುವುದರ ಸಂಭ್ರಮದಲ್ಲಿ ಕರೆಯುವುದನ್ನೇ ಮರೆತಿದ್ದ. ಮನೆಯೊಡತಿಯನ್ನು ಅವಳ ಮನೆಗೇ ಕರೆಯುವುದು ಅವಮಾನ ಎಂದು ಅವನ ತಲೆಯಲ್ಲಿತ್ತು. ಎಲ್ಲರಿಗಿಂತ ಹೆಚ್ಚು ಗೌರವ ಕೊಡಲು ಹೋಗಿ, ಊರಿಗೆಲ್ಲ ಹೋದ ಕರೆಯನ್ನು ಅವಳೊಬ್ಬಳಿಗೆ ತಪ್ಪಿಸಿದ್ದ.

ತಾಯಣ್ಣ ಮೆಟ್ಟಿಲ ಕಡೆಗೆ ನಡೆದ. ಅಣ್ಣ ಮೂಕಪ್ಪ ತೋಳು ಹಿಡಿದ. “ಎಲ್ಲಿಗಲೇ? ಮಲ್ಲಟಕ್ಕ ಹೋಗಿ ಬರೋತನಕ ರಾತ್ರಿ ಆಗ್ತದ. ಮಂದಿ ಉಪಾಸ ಕುಂತದ.”

“ಕೂಡ್ರಲಿ.”

“ಅವರು ದೇವದುರ್ಗದ ಬಸ್ ಹಿಡಿಯೋದು ಬ್ಯಾಡೇನು? ಮನಿಯಾಂವ ಮಂದೀನ ಬಿಟ್ಟು ಹೋಗ್ತಾನೇನು?”

ಮುನವ್ವರ್ ಬೀ, “ಸಂಜಿಗೆ ನಮ್ಮ ಎಮ್ಮಿ ಹಾಲು ಮತ್ತ ಹಿಂಡ್ತೀನಿ. ಈ ಹಾಲು ಕೆಟ್ಟರ ಕೆಡಲಿ, ಮಂದಿಗೆ ಸುಮ್ನ ಊಟಕ್ಕ ಹಾಕ್ರಿ” ಎಂದರು. ಒಳ್ಳೆಯ ಮಾತು. ಅದನ್ನು ಕೇಳಿದವರು ಯಾರೂ ಇಲ್ಲ. ಹೊಸ ಮನೆಗೆ ತಂದ ಹಾಲು ಒಡೆಯುವುದುಂಟೇ ಎಂದು ಮುದುಕರು ಗದ್ದಲ ಎಬ್ಬಿಸಿದರು. ಅಷ್ಟರಲ್ಲಿ ಯಾರೋ, “ಗುಮಾಸ್ತರ, ಹಾಲು ನೋಡ್ರಿ” ಎಂದರು. ಮೂಸಿ ನೋಡಿದೆ. ಸಣ್ಣಗೆ ಹುಳಿಯ ವಾಸನೆ ಹತ್ತಿತ್ತು. ನನ್ನ ಮುಖ ಸುಳ್ಳು ಹೇಳಲು ಲಾಯಕ್ಕಾದ ಮುಖವಲ್ಲ.

ತಾಯಣ್ಣ ಸ್ಟೋವಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕಡ್ಡಿ ಪೆಟ್ಟಿಗೆ ತೆಗೆದುಕೊಂಡ. ಹಚ್ಚಲು ಅಲ್ಲ, ಯಾರೂ ಮುಟ್ಟದಿರಲಿ ಎಂದು ಮುಷ್ಟಿಯಲ್ಲಿ ಹಿಡಿದುಕೊಂಡ.

ಮಹಾಂತಮ್ಮ ಬಾಗಿಲಿನಿಂದ ಎದ್ದು ಬಂದಳು. ಆಕೆಯ ಕಣ್ಣಲ್ಲಿ ನೀರಿತ್ತು. ಮೈದುನನ ಮಾನ ಹೋಗುವುದನ್ನು ನೋಡಲಾರದೆ ಬಂದಳೆಂದೇ ನಾನು ಇವತ್ತಿಗೂ ನಂಬಿದ್ದೇನೆ.

“ತಾ ಇಲ್ಲಿ” ಎಂದಳು.

ಅವನ ಬೆರಳುಗಳನ್ನು ಬಿಡಿಸಿ ಪೆಟ್ಟಿಗೆ ತೆಗೆದುಕೊಂಡಳು. ಕಡ್ಡಿ ಗೀರಿದಳು. ಹಾಲು ಒಡೆಯಲಿಲ್ಲ, ಏರಿ, ಮೂಡಣಕ್ಕೆ ಉಕ್ಕಿತು. ಜನ ಹೋ ಎಂದರು. ಹಾಲು ಸ್ಟೋವಿನ ಮೇಲೆ ಸುಟ್ಟು, ಹೊಸ ಗೋಡೆಗೆ ಹೊಗೆ ಹತ್ತಿತು. ಆಮೇಲೆ ಎಲ್ಲರೂ ಉಂಡರು. ಹುಗ್ಗಿ ಚೆನ್ನಾಗಿತ್ತು, ನಾನೂ ಎರಡು ಸಲ ಹಾಕಿಸಿಕೊಂಡೆ. ಬಡಿಸುತ್ತಿದ್ದ ತಾಯಣ್ಣ ಉಣ್ಣಲಿಲ್ಲ.

ಮರುದಿನ ಖಣ, ತೆಂಗಿನಕಾಯಿ ಹಿಡಿದು ಅವನು ಮಲ್ಲಟಕ್ಕೆ ಹೊರಟ. ಒಂದು ಮಾತಿನ ಮೇಲೆ ಎರಡನೆಯದು ಅವನಿಗೆ ಬರುವುದಿಲ್ಲವೆಂದು ನನ್ನನ್ನೂ ಎಳೆದುಕೊಂಡು ಹೋದ. ನನ್ನ ಮಾತಿನಿಂದ ಯಾರಿಗೆ ಏನು ಲಾಭವಾಗಿದೆಯೋ ನನಗೆ ಗೊತ್ತಿಲ್ಲ.

ಅವನ ಅತ್ತೆ, ಮಾನಮ್ಮನ ತಾಯಿ ಗೋಪಮ್ಮ ಕಟ್ಟೆಯ ಮೇಲೆ ಕೂತಿದ್ದಳು. ನೀರು ಕೊಟ್ಟಳು, ಮಾತಿಗೆ ಮೊದಲಾದಳು. “ಯಪ್ಪಾ, ನಿನ್ನೆ ನಸುಕಿಗೇ ಎದ್ದು ಎರಕೊಂಡು, ಹೊಸ ಸೀರಿ ಉಟಗೊಂಡು, ಗಂಟು ಕಟ್ಟಿಟಗೊಂಡು ಇದ ಕಟ್ಟಿ ಮ್ಯಾಲ ಕುಂತಿದ್ಲು. ಹೊತ್ತು ಮುಣಗೋತನ ಕುಂತಿದ್ಲು. ನಾ ಅಂದೆ, ನಾನರೆ ಕರಕೊಂಡು ಹೋಗಿ ಬಿಟ್ಟು ಬರ್ತೀನಿ ಬಾ ಅಂತ. ಒಲ್ಲೆ ಅಂದ್ಲು.”

ಮಾನಮ್ಮ ಬಾಗಿಲಲ್ಲಿ ನಿಂತಿದ್ದಳು. ಎತ್ತರದ ಹೆಂಗಸು, ಮೆತ್ತನೆಯ ದನಿ. ಕಾರ್ಡು ಗೋಡೆಯ ಗೂಡಿನಲ್ಲಿ ಕನ್ನಡಿಯ ಪಕ್ಕದಲ್ಲಿತ್ತು.

“ಊರಾಗ ಎಲ್ಲಾರಿಗೂ ಓದಿಸಿದೆ” ಎಂದಳು. “ಹೆಸರು ಛಂದ ಹಾಕ್ಸಿದಿ. ಎಲ್ಲಾರೂ ಕೇಳಿದ್ರು, ನಿನ್ನ ಕರಿಯಾಕ ಯಾವಾಗ ಬರ್ತಾರ ಅಂತ. ಈಗ ಬರ್ತಾರ, ಈಗ ಬರ್ತಾರ ಅಂದೆ.”

“ತಪ್ಪಾತು” ಎಂದ ತಾಯಣ್ಣ.

“ಆಗಲಿ ಬಿಡು. ಬಂದೀಯಲ್ಲ.” ಆಕೆ ಒಳಗೆ ಹೋಗಿ ಗಂಟು ತಂದು ಹೊಸ್ತಿಲ ಮೇಲೆ ಇಟ್ಟಳು. ನನಗೆ ಎದೆ ಹಗುರಾಯಿತು. ಆಮೇಲೆ ಕೇಳಿದಳು, “ಒಲಿ ಹಂಗ ಅದ ಅಲ್ಲ?”

ತಾಯಣ್ಣ ನನ್ನ ಕಡೆ ನೋಡಿದ. ಎರಡನೆಯ ಮಾತು ನನ್ನದಾಗಬೇಕಿತ್ತಲ್ಲ, “ಹಾಲು ಕೆಡಾಕತ್ತಿತ್ತವ್ವಾ, ಬಿಸಿಲು ಭಾಳ ಇತ್ತು” ಎಂದು ತೊದಲಿದೆ.

“ಯಾರು ಹಚ್ಚಿದ್ರು?”

ತಾಯಣ್ಣ ನೆಲ ನೋಡಿದ. “ಅತ್ತಿಗಿ.”

ಮಾನಮ್ಮ ಅಳಲಿಲ್ಲ, ಬೈಯಲಿಲ್ಲ. ಬಗ್ಗಿ ಗಂಟು ಎತ್ತಿಕೊಂಡಳು.

“ಹಂಗಾರ ಅದೂ ಅಕಿ ಮನೀನ” ಎಂದಳು. “ಮತ್ತ ಒಂದು ಮಾಡು. ಹಚ್ಚಬ್ಯಾಡ. ಬಂದು ಕರಿ.”

ತಾಯಣ್ಣ ಆ ಸ್ಟೋವನ್ನು ಅತ್ತಿಗೆಗೇ ಕೊಟ್ಟು ಕಳಿಸಿದ. ದಸ್ತಗೀರ್ ಸಾಹೇಬರ ಮನೆ ಬಿಟ್ಟ. “ಅರೇ ತಾಯಣ್ಣ, ಸುಣ್ಣ ಹೊಡಸ್ತೀನಿ, ಹೊಗಿ ಕಾಣಂಗಿಲ್ಲ” ಎಂದು ಅವರು ಹೇಳಿದ್ದು ವ್ಯರ್ಥವಾಯಿತು. ಯಾರೂ ಒಲೆ ಹಚ್ಚದ ಅಡುಗೆ ಮನೆ ಹುಡುಕುತ್ತ ಅವನು ರಾಯಚೂರೆಲ್ಲ ತಿರುಗಿದ. ಮನೆ ತೋರಿಸುವವರು ನಳ, ಪಾಯಖಾನೆ ಹೊಗಳುತ್ತಿದ್ದರೆ ಇವನು ಗೋಡೆ ಮೂಸುತ್ತಿದ್ದ. ಅವನ ತಲೆ ಸರಿ ಇದೆಯೇ ಎಂದು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದವರುಂಟು. ಮಳೆಗಾಲ ಕಳೆದ ಮೇಲೆ ಹೊಸದೊಂದು ಕೋಣೆ ಸಿಕ್ಕಿತು. ಹೊಸ ಸ್ಟೋವು ಇಟ್ಟ. ಈ ಸಲ ಕಾರ್ಡಿಲ್ಲ, ತೋರಣವಿಲ್ಲ. ಖಣ ಹಿಡಿದು ಮಲ್ಲಟಕ್ಕೆ ಹೋದ.

ಅದೇ ವಾರ ಗೋಪಮ್ಮನಿಗೆ ಲಕ್ವ ಹೊಡೆದಿತ್ತು. ಒಬ್ಬಳೇ ಮಗಳು. ಬಾಯಿಗೆ ಗಂಜಿ ಹಾಕುವವರು ಬೇರೆ ಇಲ್ಲ. “ಅವ್ವ ಎದ್ದು ಕುಂತ ಮ್ಯಾಲ ಬರ್ತೀನಿ” ಎಂದಳಂತೆ ಮಾನಮ್ಮ. ಗೋಪಮ್ಮ ಏಳಲಿಲ್ಲ. ಸಾಯಲೂ ಇಲ್ಲ. ವರ್ಷಗಳೇ ಮಲಗಿದ್ದಳು.

ಆ ವರ್ಷಗಳಲ್ಲಿ ತಾಯಣ್ಣ ಖಾನಾವಳಿಯಲ್ಲಿ ಉಂಡ. ನಾನು ಅವನ ಮನೆಗೆ ಹೋದರೆ ಹೋಟೆಲಿನಿಂದ ಚಹಾ ತರಿಸುತ್ತಿದ್ದ. ಹಮಾಲರು ಮೊದಲು ಗೇಲಿ ಮಾಡಿದರು, ಆಮೇಲೆ ಮರೆತರು. ಮರೆಯುವುದರಲ್ಲಿ ನಾನೂ ಹಿಂದೆ ಬಿದ್ದವನಲ್ಲ. ಸಾಹುಕಾರರು ಮಾನ್ವಿಯಲ್ಲಿ ಹತ್ತಿ ಮಿಲ್ಲು ತೆರೆದು ಅವನನ್ನು ಅಲ್ಲಿಗೆ ಕಳಿಸಿದಾಗ, ಮಲ್ಲಟ ಹತ್ತಿರವಾಯಿತಲ್ಲ ಎಂದು ಸಮಾಧಾನಪಟ್ಟು ಸುಮ್ಮನಾದೆ.

ಎಂಬತ್ತಾರರಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಮಾನ್ವಿಗೆ ಹೋದಾಗ ಅವನ ಕೋಣೆಯಲ್ಲಿ ಇಳಿದುಕೊಂಡೆ. ತಾಯಣ್ಣನ ಕೂದಲು ಹತ್ತಿಯಾಗಿತ್ತು. ಊಟದ ನಂತರ ಅವನು ಅಡ್ಡಾದ. ನನಗೆ ಚಹಾದ ಚಪಲ. ಅಡುಗೆ ಕೋಣೆಗೆ ಹೋದೆ. ಬತ್ತಿ ಸ್ಟೋವು ಇತ್ತು. ಮೈಯೆಲ್ಲ ಒರೆಸಿ ಫಳಫಳ. ಅಲ್ಲಾಡಿಸಿದೆ, ಎಣ್ಣೆ ತುಂಬಿತ್ತು. ಪಕ್ಕದಲ್ಲಿ ಕಡ್ಡಿ ಪೆಟ್ಟಿಗೆ. ಒಂದು ಕಡ್ಡಿ ತೆಗೆದೆ.

“ಗುಮಾಸ್ತರ!”

ಅವನು ಬಾಗಿಲಲ್ಲಿ ನಿಂತಿದ್ದ. ಅಷ್ಟು ಜೋರಾದ ದನಿ ಅವನಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಬಂದು ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡ. ಆಗಲೇ ನಾನು ಸ್ಟೋವಿನ ಬತ್ತಿಗಳನ್ನು ನೋಡಿದ್ದು. ಒಂದೂ ಕರಿಯಾಗಿರಲಿಲ್ಲ. ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಿದ್ದವು.

“ಅದ ಸ್ಟೋವಾ ಇದು?” ಎಂದೆ.

“ಹೂನ್ರಿ.”

“ಗೋಪಮ್ಮ?”

“ಹ್ವಾದ್ರಿ, ಎರಡು ವರ್ಷ ಆತು. ದಿನಕರ್ಮ ಮುಗಿಸಿ ಕರದೆ. ಹಾಲು ಹಿಡಕೊಂಡೇ ಬರ್ತಾಳ ಅಂತ ನಾ ತಿಳದಿದ್ದೆ.” ಅವನು ಕಡ್ಡಿಯನ್ನು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದ. “ಅಕಿ ಅಂದ್ಲು, ಇಷ್ಟು ವರ್ಷ ಅವ್ವನ ಒಲಿ ನಾನ ಹಚ್ಚೀನಿ, ನಾನ ಆರಿಸೀನಿ. ಯಾರೂ ತಾ ಇಲ್ಲಿ ಅಂದಿಲ್ಲ. ಈಗ ಇದ ನಂದು. ಇದನ್ನ ಬಿಟ್ಟು ಎಲ್ಲಿಗೆ ಬರ್ಲಿ, ಅಂದ್ಲು.”

“ಮತ್ತ ನೀನ ಅಲ್ಲಿಗೆ ಹೋಗೋ ಮಾರಾಯಾ.”

“ಹೋಗ್ತೀನ್ರಿ. ಮಿಲ್ ಸೂಟಿ ಇದ್ದಾಗ ಹೋಗ್ತೀನಿ. ರೊಟ್ಟಿ ಮಾಡಿ ಹಾಕ್ತಾಳ, ಪುಂಡಿಪಲ್ಯ ಮಾಡ್ತಾಳ. ಉಂಡು ಬರ್ತೀನಿ.” ಆಮೇಲೆ ಸ್ಟೋವು ಒರೆಸುತ್ತ, “ದಪ್ಪ ಇರಂಗಿಲ್ರಿ ರೊಟ್ಟಿ. ನಮ್ಮ ಅತ್ತಿಗಿ ಸುಮ್ನ ಅಂತಿದ್ಲು” ಎಂದ.

“ಇರು ಅಂತಾಳೇನು?”

“ಅಂತಾಳ್ರಿ. ಅಂದಳು ಅಂತ ಇದ್ದುಬಿಟ್ರ, ಇಲ್ಲಿ ಇದರ ಮುಂದ ಯಾರು ಇರಬೇಕು?”

ಊರಿನ ಲೆಕ್ಕವನ್ನೆಲ್ಲ ಕೂಡಿಸಿ ಕಳೆದು ಸರಿ ಮಾಡುವ ನಾನು ಆ ಬಿಳಿ ಬತ್ತಿಗಳನ್ನು ನೋಡುತ್ತ ನಿಂತೆ. ಹಚ್ಚದ ಸ್ಟೋವಿಗೆ ಎಣ್ಣೆ ಯಾಕೆಂದು ಕೇಳಿದರೆ, “ಎಣ್ಣಿ ಇಲ್ಲದಿದ್ರ ಅದು ಬರೇ ಡಬ್ಬಿರಿ. ಅಕಿ ಬಂದಾಗ ಹಚ್ಚಾಕ ಬರಬೇಕಲ್ಲ. ಇಟ್ಟಲ್ಲೇ ಆರತದ, ಮತ್ತ ಮತ್ತ ತುಂಬಬೇಕು” ಎಂದ. ಬರುವುದಿಲ್ಲ ಎಂದು ಈಗತಾನೆ ಹೇಳಿದವನೂ ಅವನೇ.

ಸಂಜೆ ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದಿದೆಯೆಂದು ಸುದ್ದಿ ಬಂತು. ತಾಯಣ್ಣ ಡಬ್ಬಿ ಹಿಡಿದು ಹೊರಟ. ನಾನೂ ಹಿಂದೆ ಹೋದೆ. ಸಾಲು ಬೀದಿಯ ತಿರುವಿನ ತನಕ ಇತ್ತು. ಹೆಂಗಸರು ಮುಂದೆ ನುಗ್ಗುವವರನ್ನು ಬೈಯುತ್ತಿದ್ದರು, ಒಬ್ಬ ಮುದುಕ ಡಬ್ಬಿಯ ಮೇಲೆಯೇ ಕೂತು ತೂಕಡಿಸುತ್ತಿದ್ದ. ನಮ್ಮ ಸರದಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು.

ಅಂಗಡಿಯವನು ಹೊಸಬ. ಅಳತೆಯ ಪಾತ್ರೆ ಎತ್ತಿಕೊಂಡು ಕೇಳಿದ, “ಮನ್ಯಾಗ ಎಷ್ಟು ಮಂದಿ ಅದೀರಿ?”

“ಇಬ್ರು” ಎಂದ ತಾಯಣ್ಣ, ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದ.